ಬೌಲಿಂಗ್ ಸೆಂಟರ್‌ನಲ್ಲಿ ಆಡಿಯೊ ಕ್ಯೂಆರ್: 14 ತಿಂಗಳು ಬಳಸಿದ ಮೇಲೆ

ಹೆಸರು ಕೇಳಿ ಮೋಸಹೋಗಬೇಡಿ. ಆಡಿಯೊ ಕ್ಯೂಆರ್ ಅಂದರೆ ಸ್ಕ್ಯಾನ್ ಮಾಡಿದರೆ ಫೋನಿನಲ್ಲಿ ಸೂಚನೆಗಳನ್ನು ಕೇಳಿಸುವ ಕೋಡ್, ಆದರೆ ಆ ಚೌಕದೊಳಗೆ ದನಿ ಕೂತಿರುವುದಿಲ್ಲ. ಅತಿ ದೊಡ್ಡ ಕ್ಯೂಆರ್ ಕೋಡ್ ಕೂಡ 2,953 ಬೈಟ್‌ಗಿಂತ ಹೆಚ್ಚು ಹಿಡಿಯದು. 40 ಸೆಕೆಂಡಿನ ಮಾತನ್ನು ಕುಗ್ಗಿಸಿ ಮೊನೊ, 64 ಕೆಬಿಪಿಎಸ್ ಎಂಪಿ3 ಮಾಡಿದರೂ 320 ಕೆಬಿ, ಅಂದರೆ 3,20,000 ಬೈಟ್ ಆಗುತ್ತದೆ. ಕೋಡಿನಲ್ಲಿರುವುದು ಬರೀ ಲಿಂಕ್. ಸೇವೆ ಮಾರುವವರು ತಿಂಗಳ ಚಂದಾ ಕೇಳುವುದು ಆ ಲಿಂಕನ್ನು ಫೈಲಿನತ್ತ ತಿರುಗಿಸಿಕೊಡುವುದಕ್ಕೆ. ಚಂದಾ ತಪ್ಪಿದರೆ ಅಂಟಿಸಿದ ಸ್ಟಿಕ್ಕರೆಲ್ಲ ಒಂದೇ ದಿನ ವ್ಯರ್ಥ. ಸ್ವಂತ ಡೊಮೇನ್‌ನಿಂದ (ನಿಮ್ಮದೇ ವೆಬ್ ವಿಳಾಸ) ನೀವೇ ತಿರುಗಿಸಿಕೊಂಡರೆ ಈ ತಲೆನೋವಿಲ್ಲ. ಲಿಂಕ್ 32 ಅಕ್ಷರದೊಳಗಿದ್ದರೆ 29×29 ಚೌಕಗಳ ಕೋಡ್‌ನಲ್ಲಿ ಕೂರುತ್ತದೆ, ಅದೂ ‘ಕ್ಯೂ’ ಎಂಬ ದೋಷ ತಿದ್ದುವ ಮಟ್ಟದಲ್ಲಿ. ಅಂದರೆ ಸುಮಾರು ಕಾಲುಭಾಗ ಕೆಟ್ಟರೂ ಓದಬಹುದು. ಕೆಚಪ್ ಬೀಳುವ ಮೇಜಿಗೆ ಇದು ಬೇಕೇ ಬೇಕು.

ಈ ವಿಮರ್ಶೆ 8 ಲೇನ್‌ಗಳಿರುವ (ಪಿನ್‌ಗಳತ್ತ ಚೆಂಡು ಉರುಳಿಸುವ ಪಟ್ಟಿಗಳು), ಮಾಲ್‌ನ ನೆಲಮಾಳಿಗೆಯ ಸೆಂಟರ್ ಒಂದರ ಬಳಕೆಯದು. ಶೂ ಕೌಂಟರ್, ಬಾಲ್ ರ‍್ಯಾಕ್, ಲೇನ್ ಮೇಜು, ಬಾಲ್ ರಿಟರ್ನ್ (ಎಸೆದ ಚೆಂಡು ಮರಳಿ ಬರುವ ಜಾಗ), ಲೇನ್ ಮೇಲಿನ ಸ್ಕ್ರೀನ್, ಹೀಗೆ ಐದು ಕಡೆ ಕೋಡ್ ಹಾಕಲಾಗಿತ್ತು. ಈಗ ಉಳಿದಿರುವುದು ಶೂ ಕೌಂಟರ್ ಮತ್ತು ಮೇಜಿನವು ಮಾತ್ರ.

ಬಾಲ್ ರಿಟರ್ನ್ ಪಕ್ಕ ನಿಂತವರ ಕೈಯಲ್ಲಿ ಐದಾರು ಕೆಜಿ ಚೆಂಡಿರುತ್ತದೆ, ಫೋನ್ ಎಲ್ಲಿ ಹಿಡಿಯುತ್ತಾರೆ? ಮೇಲಿನ ಸ್ಕ್ರೀನಿನದು ಲೆಕ್ಕದ ತಪ್ಪು. ಸ್ಕ್ಯಾನ್ ಮಾಡುವ ದೂರದ ಹತ್ತನೇ ಒಂದು ಭಾಗದಷ್ಟಾದರೂ ಕೋಡಿನ ಅಗಲ ಬೇಕು. 4 ಮೀಟರ್ ದೂರದಿಂದ ಓದಬೇಕಾದರೆ 40 ಸೆಂ.ಮೀ. ಆಗಬೇಕು, ಅಷ್ಟು ಜಾಗ ಸ್ಕೋರಿಗೇ ಇರುವುದಿಲ್ಲ. ಮೇಜಿನ ಮೇಲೆ 5 ಸೆಂ.ಮೀ. ಧಾರಾಳ.

ಮೇಜಿನ ಕೋಡ್ ಏಕೆ ಗೆದ್ದಿತು? ಮೊದಲ ಸಲ ಆಡುವವರಿಗೆ ಇರುವ ದೊಡ್ಡ ಅನುಮಾನ ಒಂದೇ: ಸ್ಟ್ರೈಕ್ (ಮೊದಲ ಎಸೆತಕ್ಕೇ ಹತ್ತೂ ಪಿನ್) ಬಿದ್ದರೂ ಸ್ಕೋರ್ ಯಾಕೆ ಖಾಲಿ? ಅದಕ್ಕೇ 35 ಸೆಕೆಂಡ್ ಮೀಸಲು. ಸ್ಟ್ರೈಕ್‌ಗೆ 10, ಜೊತೆಗೆ ಮುಂದಿನ ಎರಡು ಎಸೆತ. ಸ್ಪೇರ್‌ಗೆ (ಎರಡು ಎಸೆತದಲ್ಲಿ ಹತ್ತೂ ಪಿನ್) 10, ಜೊತೆಗೆ ಮುಂದಿನ ಒಂದೇ ಎಸೆತ. ಸ್ಟ್ರೈಕ್ ಆದಮೇಲೆ 7 ಮತ್ತು 2 ಬಿದ್ದರೆ ಮೊದಲ ಫ್ರೇಮ್ (ಒಂದು ಸರದಿ) 19, ಎರಡನೆಯದು 9, ಒಟ್ಟು 28. ಇಂಗ್ಲಿಷ್ ಬೋರ್ಡ್ ಓದದ ಹಿರಿಯರೂ ಕನ್ನಡದ ದನಿ ಕೇಳಿ ಮೊಮ್ಮಕ್ಕಳ ಲೆಕ್ಕ ತಿದ್ದುತ್ತಾರೆ. ಸಿಬ್ಬಂದಿಗೆ ಲೇನ್‌ನಿಂದ ಲೇನ್‌ಗೆ ಓಡುವ ಕೆಲಸ ತಪ್ಪಿದ್ದು ಮುಖ್ಯವಾಗಿ ಇದರಿಂದಲೇ.

ಶೂ ಕೌಂಟರ್‌ನದು 20 ಸೆಕೆಂಡ್. ಸಾಕ್ಸ್ ಕಡ್ಡಾಯ, ಒದ್ದೆ ನೆಲ ತುಳಿಯಬೇಡಿ, ಫೌಲ್ ಲೈನ್ (ಲೇನ್ ಶುರುವಾಗುವ ಗೆರೆ) ದಾಟಬೇಡಿ. ದಾಟಿದರೆ ಅಂಕ ಹೋಗುವುದಷ್ಟೇ ಅಲ್ಲ, ಲೇನ್ ಮೇಲೆ ಎಣ್ಣೆ ಹಚ್ಚಿರುತ್ತಾರೆ, ಜಾರಿ ಬೀಳುತ್ತೀರಿ ಎಂದು ಕಾರಣ ಹೇಳಿದರೇ ಜನ ಕೇಳುವುದು. ಚೆಂಡನ್ನು ರಿಟರ್ನ್‌ನಿಂದ ಎತ್ತುವಾಗ ಎರಡು ಚೆಂಡುಗಳ ನಡುವೆ ಬೆರಳಿಡಬೇಡಿ ಎನ್ನುವುದೂ ಇಲ್ಲೇ ಸೇರಿದೆ.

ಇನ್ನು ಕೆಟ್ಟದ್ದು. ನಮ್ಮಲ್ಲಿ ಕ್ಯೂಆರ್ ಕಂಡರೆ ಕೈ ನೇರ ಯುಪಿಐ ಆಪ್‌ಗೆ ಹೋಗುತ್ತದೆ, ಅದು ‘ಅಮಾನ್ಯ ಕೋಡ್’ ಎನ್ನುತ್ತದೆ, ಗ್ರಾಹಕರು ಕೌಂಟರ್‌ಗೆ ಬರುತ್ತಾರೆ. ‘ಇದು ಪೇಮೆಂಟ್ ಅಲ್ಲ, ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿ ಕೇಳಿ’ ಎಂಬ ಸಾಲನ್ನೂ ಕಿವಿಯ ಚಿತ್ರವನ್ನೂ ದೊಡ್ಡದಾಗಿ ಹಾಕಿದ ಮೇಲೆ ಆ ದೂರು ಬಹಳ ಇಳಿಯಿತು.

ಎರಡನೆಯದು ಬೆಳಕು. ವಾರಾಂತ್ಯದ ನೇರಳೆ ದೀಪದಲ್ಲಿ ಹೊಳಪು ಲ್ಯಾಮಿನೇಶನ್ ಕನ್ನಡಿಯಂತಾಗುತ್ತದೆ. ಮ್ಯಾಟ್ ಲ್ಯಾಮಿನೇಶನ್, ಬಿಳಿ ಹಿನ್ನೆಲೆಯ ಮೇಲೆ ಕಪ್ಪು, ಸುತ್ತ ನಾಲ್ಕು ಚೌಕದಷ್ಟು ಖಾಲಿ ಅಂಚು, ಇದರಲ್ಲಿ ರಾಜಿ ಬೇಡ. ಡಿಸೈನರ್‌ಗಳಿಗೆ ಪ್ರಿಯವಾದ ಕಪ್ಪಿನ ಮೇಲೆ ಬಿಳಿ ಕೋಡ್ ಕೆಲವು ಹಳೆ ಫೋನುಗಳಲ್ಲಿ ಓದುವುದೇ ಇಲ್ಲ.

ಮೂರನೆಯದು ಗದ್ದಲ, ಇದಕ್ಕೆ ಪೂರ್ತಿ ಮದ್ದಿಲ್ಲ. ಪಿನ್ ಬೀಳುವ ಸದ್ದು, ಮೇಲೆ ಹಾಡು. ಫೋನನ್ನು ಕರೆ ಬಂದಂತೆ ಕಿವಿಗೆ ಹಿಡಿಯುತ್ತಾರೆ, ಆದರೆ ಬ್ರೌಸರ್‌ನ ದನಿ ಸಾಮಾನ್ಯವಾಗಿ ಬರುವುದು ಕೆಳಗಿನ ಸ್ಪೀಕರ್‌ನಿಂದ. ಹಿನ್ನೆಲೆ ಸಂಗೀತ ತೆಗೆದು, ಬರೀ ಮಾತು ಬಿಟ್ಟು, ಅದೇ ಮಾತನ್ನು ಪುಟದಲ್ಲಿ ದೊಡ್ಡ ಅಕ್ಷರದಲ್ಲೂ ಕೊಟ್ಟರೆ ಸ್ವಲ್ಪ ವಾಸಿ. ಕಿವಿ ಕೇಳದವರಿಗೂ ಆಗುತ್ತದೆ. ಪುಟ ತೆರೆದೊಡನೆ ದನಿ ತಾನೇ ಹೊರಡುತ್ತದೆ ಎಂದು ಮಾರಾಟಗಾರರು ಹೇಳಿದರೆ ನಂಬಬೇಡಿ. ಸಾಮಾನ್ಯವಾಗಿ ಫೋನ್ ಬ್ರೌಸರ್‌ಗಳು ಅದನ್ನು ತಡೆಯುತ್ತವೆ. ‘ಕನ್ನಡ’, ‘ಹಿಂದಿ’, ‘ಇಂಗ್ಲಿಷ್’ ಎಂಬ ಮೂರು ದಪ್ಪ ಗುಂಡಿ ಇಟ್ಟು, ಒತ್ತಿದ್ದನ್ನೇ ಪ್ಲೇ ಮಾಡಿಸುವುದು ಜಾಣತನ.

ನೆಲಮಾಳಿಗೆಯಲ್ಲಿ ಸಿಗ್ನಲ್ ಎರಡು ಕಡ್ಡಿ. ಫೈಲ್ ಚಿಕ್ಕದಿರಲಿ ಅನ್ನುವುದು ಅದಕ್ಕೇ. ಗೂಗಲ್ ಡ್ರೈವ್ ಲಿಂಕ್ ಕೊಟ್ಟರೆ ಅನುಮತಿ ಕೇಳುವ ಪುಟ ಬರುವ ಸಾಧ್ಯತೆ ಇದೆ. ಆಡಿಯೊ ತಿದ್ದಿದಾಗ ಫೈಲಿನ ಹೆಸರೂ ಬದಲಿಸಿ, ಇಲ್ಲವಾದರೆ ಹಳೆ ಗ್ರಾಹಕರಿಗೆ ಫೋನಿನಲ್ಲಿ ಉಳಿದ ಹಳೆಯ ರೇಟೇ ಕೇಳಿಸೀತು. ಇನ್ನೂ ಒಳ್ಳೆಯದು, ರೇಟನ್ನು ಆಡಿಯೊದಲ್ಲಿ ಹೇಳದೇ ಇರುವುದು.

ಕಣ್ಣು ಕಾಣದವರಿಗೆ ಕೋಡ್ ಎಲ್ಲಿದೆ ಎಂದೇ ತಿಳಿಯದು. ಮೇಜಿನ ಬಲ ಮೂಲೆಯಲ್ಲಿ ಉಬ್ಬಿದ ಗುರುತಿನ ಕೆಳಗೆ ಎನ್ಎಫ್‌ಸಿ ಟ್ಯಾಗ್ (ಹತ್ತಿರ ತಂದ ಫೋನಿನಲ್ಲಿ ಲಿಂಕ್ ತೆರೆಯುವ ಚಿಕ್ಕ ಚಿಪ್) ಕೂರಿಸಿದರೆ ಫೋನ್ ತಾಗಿಸಿದರೆ ಸಾಕು. ಮೇಜು ಲೋಹದ್ದಾದರೆ ಫೆರೈಟ್ ಪದರ ಇರುವ ಟ್ಯಾಗ್ ಕೇಳಿ ತನ್ನಿ, ಸಾದಾ ಟ್ಯಾಗ್ ಲೋಹದ ಮೇಲೆ ಓದುವುದಿಲ್ಲ.

ವಾರಕ್ಕೊಮ್ಮೆ, ದೀಪ ಆರಿಸಿ ನೇರಳೆ ಬೆಳಕು ಹಾಕಿದ ಮೇಲೆ, ಒಂದು ಹಳೆ ಆಂಡ್ರಾಯ್ಡ್ ಒಂದು ಐಫೋನ್ ಹಿಡಿದು ಪ್ರತಿ ಮೇಜನ್ನೂ ಸ್ಕ್ಯಾನ್ ಮಾಡಿ. ಸ್ಟಿಕ್ಕರ್ ಅಂಚನ್ನು ಉಗುರಿನಿಂದ ಕೆರೆದೂ ನೋಡಿ, ಮೇಲೊಂದು ಬೇರೆ ಕೋಡ್ ಅಂಟಿಸಿ ದುಡ್ಡು ಹೊಡೆಯುವವರು ಇದ್ದಾರೆ.