ನಕಲ್ಲೋ, ಅಲ್ಯೂಮಿನಿಯಮ್ಮೋ, ತಗಡೋ? ನನ್ನ ಓಟು ತಗಡಿಗೆ

ನಾನೇ ಕಟ್ಟಿದ ಕಾರಿನ ಮುಂದಿನ ಚಕ್ರಗಳಿಗೆ ಮೂರು ಬಗೆಯ ಅಪ್‌ರೈಟ್ ಹಾಕಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ತಗಡೇ ಗೆದ್ದಿದ್ದು. ಮೂರು ಮಿಲಿಮೀಟರ್ ಮೈಲ್ಡ್ ಸ್ಟೀಲ್ ಶೀಟು ಕತ್ತರಿಸಿ, ಡಬ್ಬಿಯ ಹಾಗೆ ವೆಲ್ಡ್ ಮಾಡಿದ ಜೋಡಿ ಈಗ ಕಾರಿನಲ್ಲಿದೆ. ಗುಜರಿಯಿಂದ ತಂದ ಜೋಡಿ ಶೆಡ್ಡಿನ ಮೂಲೆ ಸೇರಿದೆ. ದುಡ್ಡು ಸುರಿದು ಮಾಡಿಸಿದ ಅಲ್ಯೂಮಿನಿಯಂ ಜೋಡಿ ಕಪಾಟಿನ ಮೇಲೆ ಕೂತು ಫಳಫಳ ಹೊಳೆಯುತ್ತಿದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಅಪ್‌ರೈಟ್ ಅಂದರೆ ಗೊತ್ತಲ್ವಾ? ಚಕ್ರದ ಹಬ್, ಬ್ರೇಕ್ ಕ್ಯಾಲಿಪರ್, ಸ್ಟೀರಿಂಗ್ ತೋಳು ಎಲ್ಲವನ್ನೂ ಹೊತ್ತು ನಿಲ್ಲುವ ಕಂಬ. ಮೇಲೊಂದು, ಕೆಳಗೊಂದು ಬಾಲ್ ಜಾಯಿಂಟ್, ಅಂದರೆ ಎಲ್ಲ ಕಡೆ ತಿರುಗುವ ಗುಂಡಿನ ಕೀಲು. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ನಕಲ್ (ಇಂಗ್ಲಿಷಿನ knuckle) ಅಂತಾರೆ. ಅಂಗಡಿಯಲ್ಲಿ ನಿಂತು "ಒರಿಜಿನಲ್ ನಕಲ್ ಇದೆಯಾ?" ಅಂತ ಕೇಳಿ ನಾನೇ ನಕ್ಕಿದ್ದೇನೆ.

ನನ್ನದು ಪೈಪ್ ಚಾಸಿಯ ಎರಡು ಸೀಟಿನ ಕಾರು. ಹಳೇ ಮಾರುತಿ ಎಸ್ಟೀಮ್‌ನ 1.3 ಲೀಟರ್ ಎಂಜಿನ್ನು ಗೇರ್‌ಬಾಕ್ಸ್ ಸಮೇತ ಸೀಟಿನ ಹಿಂದೆ ಕೂತಿದೆ. ರಸ್ತೆಗೆ ಇಳಿಸುವ ಆಸೆ ಇಲ್ಲ. ಟ್ರಾಲಿ ಮೇಲೆ ಹೇರಿಕೊಂಡು ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಹೋಗುವುದು, ಓಡಿಸುವುದು, ವಾಪಸ್ ಬರುವುದು, ಅಷ್ಟೇ. ಆ ಟ್ರ್ಯಾಕಿಗೆ ಹೆಸರು ಬಂದಿದ್ದು ಕರಿವರ್ಧನ್ ಅವರಿಂದ. ಮಾರುತಿ ಎಂಜಿನ್ ಇಟ್ಟು ಕಡಿಮೆ ಖರ್ಚಿನ ರೇಸ್ ಕಾರು ಕಟ್ಟಿದವರು ಅವರು. ಲೋಟಸ್ ಸೆವೆನ್ ಕೂಡ ಟ್ರಯಂಫ್ ಕಾರಿನ ಅಪ್‌ರೈಟ್ ಹಾಕಿಕೊಂಡು ಓಡಿದ್ದೇ. ಹಾಗಾಗಿ ಇನ್ನೊಂದು ಕಾರಿನ ಸಾಮಾನು ಹಾಕಿಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ. ನಾನೂ ಅಲ್ಲಿಂದಲೇ ಶುರು ಮಾಡಿದೆ.

ಶಿವಾಜಿನಗರದ ಗುಜರಿಯಲ್ಲಿ ಎಸ್ಟೀಮ್‌ನ ಮುಂದಿನ ನಕಲ್ ಜೋಡಿ 2,800 ರೂಪಾಯಿಗೆ ಸಿಕ್ಕಿತು. ಗಟ್ಟಿ ಸಾಮಾನು, ಅನುಮಾನವೇ ಇಲ್ಲ. ಆದರೆ ಅದು ಸ್ಟ್ರಟ್ (ಶಾಕ್ ಅಬ್ಸಾರ್ಬರೇ ಮೇಲಿನ ಆಧಾರವಾಗುವ ಕಂಬ) ಇರುವ ಕಾರಿಗೆ ಮಾಡಿದ್ದು, ಮೇಲೆ ಬಾಲ್ ಜಾಯಿಂಟಿಗೆ ಜಾಗವೇ ಇಲ್ಲ. ಸ್ಟ್ರಟ್ ಬೋಲ್ಟಿನ ಎರಡು ತೂತಿಗೆ ಒಂದು ಬ್ರಾಕೆಟ್ ಮಾಡಿ ಕೂರಿಸಿದೆ. ಆಗ ಮೇಲಿನ ತಿರುಗುವ ಬಿಂದು ತುಂಬಾ ಕೆಳಗೆ ಬಂತು. ಸ್ಟೀರಿಂಗ್ ತಿರುಗುವ ಗೆರೆಯ ಓರೆಯೇ ಬದಲಾಯಿತು. ಆ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುವಿಗೂ ನನ್ನ ರಿಮ್ಮಿನಲ್ಲಿ 60 ಮಿಲಿಮೀಟರ್ ಅಂತರ. ಒಂದು ಚಕ್ರ ಸಣ್ಣ ಹಳ್ಳಕ್ಕೆ ಇಳಿದರೂ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತಿತ್ತು.

ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಹಬ್ ಬೇರಿಂಗನ್ನು ಬಿಗಿ ಹಿಡಿಯುವುದು ಡ್ರೈವ್ ಶಾಫ್ಟಿನ ತುದಿಯ ನಟ್ಟು. ನನ್ನ ಕಾರಿನ ಮುಂದೆ ಶಾಫ್ಟೇ ಇಲ್ಲ! ಹಳೇ ಡ್ರೈವ್ ಶಾಫ್ಟಿನ ತುದಿಯ ಜಾಯಿಂಟ್ ಕತ್ತರಿಸಿ, ಅದರ ತುಂಡನ್ನು ಸುಮ್ನೆ ಬೇರಿಂಗ್ ಹಿಡಿಯುವುದಕ್ಕೆ ಅಂತ ತುರುಕಬೇಕಾಯಿತು.

ಬೇಸತ್ತು ಅಲ್ಯೂಮಿನಿಯಂ ಕಡೆ ಹೋದೆ. ಪೀಣ್ಯದಲ್ಲಿ 6061-ಟಿ6 ಅನ್ನುವ, ಕಾಯಿಸಿ ಗಟ್ಟಿ ಮಾಡಿದ ಅಲ್ಯೂಮಿನಿಯಂ ದಿಮ್ಮಿಯಿಂದ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಶೀನಿನಲ್ಲಿ ಕೊರೆಸಿದೆ. ಜೋಡಿಗೆ 42,000 ರೂಪಾಯಿ, ಒಂದೊಂದು 1.3 ಕೆಜಿ. ಮನೆಗೆ ತಂದ ದಿನ ಊಟದ ಮೇಜಿನ ಮೇಲಿಟ್ಟು ಎಲ್ಲರಿಗೂ ತೋರಿಸಿದ್ದೆ.

ಕೊಯಮತ್ತೂರಿನಲ್ಲಿ ಎರಡನೇ ಸೆಷನ್ ಮುಗಿಸಿ ಬಂದು ಎಡಗಡೆ ಚಕ್ರ ಅಲ್ಲಾಡಿಸಿದರೆ ಕಟಕಟ ಸದ್ದು. ಬಿಚ್ಚಿದಾಗ ಬೇರಿಂಗಿನ ಹೊರಬಳೆ ತಾನು ಕೂರುವ ತೂತಿನ (ಬೋರ್) ಒಳಗೆ ಸುತ್ತು ಹೊಡೆದು, ಗೋಡೆ ಕನ್ನಡಿಯಂತೆ ಸವೆದಿತ್ತು. ತಪ್ಪು ನನ್ನದೇ. ಬಿಗಿ ಅಂದರೆ ಬೇರಿಂಗಿಗಿಂತ ಬೋರು ಎಷ್ಟು ಚಿಕ್ಕದಿರಬೇಕು ಅನ್ನುವ ಅಳತೆ. ಉಕ್ಕಿಗೆ ಹೇಳಿದ ಬಿಗಿಯನ್ನೇ ಡ್ರಾಯಿಂಗಿನಲ್ಲಿ ಬರೆದಿದ್ದೆ. ಪೀಣ್ಯದವರು ಕಾಗದದಲ್ಲಿ ಇದ್ದದ್ದನ್ನೇ ಮಾಡಿಕೊಟ್ಟಿದ್ದರು. ಬಿಸಿಯಾದರೆ ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. ಬ್ರೇಕ್ ಶಾಖಕ್ಕೆ 80 ಡಿಗ್ರಿ ಏರಿತು ಅಂದುಕೊಳ್ಳಿ. 64 ಮಿಲಿಮೀಟರ್ ಬೋರಿನಲ್ಲಿ ಸುಮಾರು 0.06 ಮಿಲಿಮೀಟರಿನಷ್ಟು ಸಡಿಲ. ನಾನು ಇಟ್ಟಿದ್ದ ಬಿಗಿ 0.03. ಇನ್ನೇನು ನಿಲ್ಲುತ್ತದೆ?

ಕೊನೆಗೆ ತಗಡು. ಇದೂ ಮೊದಲ ಸಲ ಕೈಕೊಟ್ಟಿತು, ಸುಳ್ಳು ಹೇಳಲ್ಲ. ದಪ್ಪ ಪೈಪಿನ ತುಂಡನ್ನು ಲೇತಿನಲ್ಲಿ ಬೇರಿಂಗ್ ಅಳತೆಗೆ ಸರಿಯಾಗಿ ಕೊರೆಸಿ ತಂದೆ. ಶೀಟುಗಳನ್ನು ಅದರ ಸುತ್ತ ನಿಲ್ಲಿಸಿ ಮಿಗ್ ವೆಲ್ಡಿಂಗ್ ಹೊಡೆದೆ. ಪ್ರೆಸ್ಸಿನಲ್ಲಿ ಇಟ್ಟು ಒತ್ತಿದರೆ ಬೇರಿಂಗು ಅರ್ಧಕ್ಕೆ ಓರೆಯಾಗಿ ಸಿಕ್ಕಿಕೊಂಡಿತು. ಹೊರಗೆ ತೆಗೆದು ಬೋರ್ ಗೇಜ್ ಹಾಕಿದೆ. ಮೇಲೆ ಕೆಳಗೆ ಒಂದು ಅಳತೆ, ಅಡ್ಡಕ್ಕೆ ಇನ್ನೊಂದು. ನಡುವೆ 0.14 ಮಿಲಿಮೀಟರ್ ವ್ಯತ್ಯಾಸ. ವೆಲ್ಡ್ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಪೈಪನ್ನು ತನ್ನ ಕಡೆಗೆ ಎಳೆಯುತ್ತದೆ. ದುಂಡಗಿದ್ದದ್ದು ಮೊಟ್ಟೆಯಾಗಿತ್ತು.

ಒಂದು ಇಡೀ ಭಾನುವಾರ ಎಮರಿ ಕಾಗದ ಹಿಡಿದು ಉಜ್ಜಿದೆ. ಮೊಟ್ಟೆ ಹೋಗಿ ಹಲಸಿನ ಬೀಜವಾಯಿತು. 1,100 ರೂಪಾಯಿಯ ಬೇರಿಂಗ್ ಎರಡು ಕಸದ ಬುಟ್ಟಿಗೆ.

ಸೋಮವಾರ ಲೇತ್ ಯಜಮಾನರ ಮುಂದೆ ಅದನ್ನು ಇಟ್ಟೆ. ಅವರು ಟೀ ಲೋಟ ಕೆಳಗಿಡದೆ ನೋಡಿದರು. "ಸಾರ್, ಮದುವೆಗೆ ಮುಂಚೆನೇ ತೊಟ್ಟಿಲು ಕಟ್ಟಿದ್ರಾ? ಮೊದ್ಲು ವೆಲ್ಡು, ಆಮೇಲೆ ಬೋರು" ಅಂದರು.

ಎರಡನೇ ಜೋಡಿಗೆ ಪೈಪಿನ ಒಳ ಅಳತೆಯನ್ನು ಎರಡು ಮಿಲಿಮೀಟರ್ ಕಡಿಮೆ ಬಿಟ್ಟೆ. ಎಲ್ಲ ಕಡೆ ಚುಕ್ಕೆ ವೆಲ್ಡ್ ಹಾಕಿ ಹಿಡಿಸಿದೆ. ಆಮೇಲೆ ಈ ಬದಿ ಒಂದು ಇಂಚು, ಆ ಬದಿ ಒಂದು ಇಂಚು, ನಡುವೆ ಕೈ ಮುಟ್ಟುವಷ್ಟು ಆರಲು ಬಿಟ್ಟೆ. ಹೀಟ್ ಟ್ರೀಟ್‌ಮೆಂಟಿನವರ ಹತ್ತಿರ ಸುಮಾರು 600 ಡಿಗ್ರಿಯಲ್ಲಿ ಕಾಯಿಸಿ, ಒಲೆಯೊಳಗೇ ನಿಧಾನಕ್ಕೆ ಆರಿಸಿದರು. ವೆಲ್ಡಿಂಗಿನ ಎಳೆತ ಸಡಿಲವಾಗುವುದು ಹೀಗೆ. ಕೊನೆಗೆ ಮಿಲ್ಲಿಂಗ್ ಮಶೀನಿಗೆ ಒಂದೇ ಸಲ ಕಟ್ಟಿ ಬೇರಿಂಗಿನ ಬೋರು, ಬಾಲ್ ಜಾಯಿಂಟಿನ ಎರಡು ತೂತು, ಕ್ಯಾಲಿಪರ್ ಕೂರುವ ಮುಖ ಎಲ್ಲ ಮುಗಿಸಿದರು. ಬಿಚ್ಚಿ ಮತ್ತೆ ಕಟ್ಟಿದ್ದರೆ ಮತ್ತೆ ಓರೆ ಬರುತ್ತಿತ್ತು. ಬೇರಿಂಗು ಗಟ್ಟಿಯಾಗಿ, ನೇರವಾಗಿ ಇಳಿಯಿತು.

ಶೀಟು ಮತ್ತು ಲೇಸರ್ ಕಟಿಂಗಿಗೆ 3,400, ಪೈಪಿಗೆ 1,600, ಬೋರಿಂಗಿಗೆ 2,400. ಹೀಟ್ ಟ್ರೀಟ್‌ಮೆಂಟ್ ಬೇರೆಯವರ ಲೋಡಿನ ಜೊತೆ ಪುಕ್ಕಟೆ ಆಯಿತು. ಒಟ್ಟು 7,400. ವೆಲ್ಡಿಂಗ್ ನನ್ನದೇ, ಕೂಲಿ ಇಲ್ಲ. ಒಂದೊಂದರ ತೂಕ 2.1 ಕೆಜಿ, ಅಲ್ಯೂಮಿನಿಯಮ್ಮಿಗಿಂತ ಜಾಸ್ತಿ, ಗುಜರಿಯದ್ದಕ್ಕಿಂತ ಕಡಿಮೆ.

ತುಕ್ಕಿಗೆ ಪೌಡರ್ ಕೋಟಿಂಗ್, ಬಿರುಕು ನೋಡಬೇಕಾದ ವೆಲ್ಡುಗಳ ಮೇಲೆ ಮಾತ್ರ ಬೇಡ. ಡಬ್ಬಿಯ ತಳದಲ್ಲಿ ನೀರು ಇಳಿಯಲು ಒಂದು ತೂತು ಇಡಿ, ಮರೆಯಬೇಡಿ.

ನಿಮಗೆ ವೆಲ್ಡಿಂಗ್ ಬರದಿದ್ದರೆ ತಗಡಿನ ಸಹವಾಸ ಬೇಡ. ಕೆಳಗಿನ ಬಾಲ್ ಜಾಯಿಂಟಿನ ಬುಡ ಬಿರಿದರೆ ಚಕ್ರ ನಿಮಗಿಂತ ಮುಂದೆ ಓಡುತ್ತದೆ. ನಾನು ಪ್ರತಿ ಟ್ರ್ಯಾಕ್ ದಿನದ ಹಿಂದಿನ ರಾತ್ರಿ ಡೈ ಪೆನೆಟ್ರೆಂಟ್ ಹೊಡೆದು ನೋಡುತ್ತೇನೆ. ಕೆಂಪು ಬಣ್ಣ ಸಿಂಪಡಿಸಿ, ಒರೆಸಿ, ಬಿಳಿ ಪುಡಿ ಹೊಡೆದರೆ ಬಿರುಕಿದ್ದಲ್ಲಿ ಕೂದಲೆಳೆಯಂಥ ಕೆಂಪು ಗೆರೆ ಮೂಡುತ್ತದೆ. ಇಲ್ಲಿಯವರೆಗೆ ಮೂಡಿಲ್ಲ. ಇಂಥ ಕೆಲಸಕ್ಕೆ ಸಮಯ ಇಲ್ಲ, ದುಡ್ಡಿದೆ ಅನ್ನುವವರು ಅಲ್ಯೂಮಿನಿಯಮ್ಮೇ ಮಾಡಿಸಿ. ಬಿಗಿ ಮಾತ್ರ ಜಾಸ್ತಿ ಕೊಡಿ, ಅಪ್‌ರೈಟ್ ಬಿಸಿ ಮಾಡಿ ಬೇರಿಂಗ್ ಇಳಿಸಿ. ನನಗೆ ತಿಂಗಳಿಗೊಮ್ಮೆ ಚಕ್ರ, ಸ್ಟೀರಿಂಗಿನ ಕೋನ ಬದಲಿಸುವ ಚಟ, ಅದಕ್ಕೇ ತಗಡು. ಸ್ಟೀರಿಂಗ್ ತೋಳು ಅರ್ಧ ಇಂಚು ಮೇಲೆ ಬೇಕು ಅನಿಸಿದರೆ ಗ್ರೈಂಡರ್ ಹಿಡಿದು ಕತ್ತರಿಸಿ ಮತ್ತೆ ವೆಲ್ಡ್ ಮಾಡಬಹುದು. ಟಿ6 ಅಲ್ಯೂಮಿನಿಯಮ್ಮಿಗೆ ವೆಲ್ಡ್ ಹಚ್ಚಿದರೆ ಸುತ್ತಲಿನ ಗಟ್ಟಿತನವೇ ಹೋಗುತ್ತದೆ.

ಅಂದಹಾಗೆ ಕಪಾಟಿನ ಮೇಲಿನ ಜೋಡಿ ಮಾರಾಟಕ್ಕಿದೆ. ಎಡಗಡೆಯದಕ್ಕೆ ಸ್ಲೀವ್ (ಸವೆದ ಬೋರಿನ ಒಳಗೆ ಕೂರಿಸುವ ಬಳೆ) ಹಾಕಿಸಬೇಕು, ಹೇಳಿಯೇ ಕೊಡುತ್ತೇನೆ.