ಎರಡನೆಯ ಓದಿನಲ್ಲೂ ಹೆದರಿಸುವ ಹಾರರ್ ಕಾದಂಬರಿಗಳು: ಒಂದು ಹೋಲಿಕೆ

ಹಾರರ್ ಕಾದಂಬರಿಯೊಂದನ್ನು ಮೊದಲ ಸಲ ಓದುವಾಗ ಹೆದರಿಕೆಯಾಗುವುದು ದೊಡ್ಡ ವಿಷಯವಲ್ಲ. ಮುಂದೇನು ಕಾದಿದೆಯೋ ಎಂಬ ಆತಂಕವೇ ಅರ್ಧ ಕೆಲಸವನ್ನು ಮಾಡಿ ಮುಗಿಸಿರುತ್ತದೆ. ಕೇಡಿನ ಮೂಲ ಯಾವುದು, ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಎಂಬುದೆಲ್ಲ ತಿಳಿದ ಮೇಲೆ ಅದೇ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡಾಗ ಎದೆಯಲ್ಲಿ ಅಳುಕು ಹುಟ್ಟುತ್ತದೆಯೇ ಎಂಬುದೇ ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ. ಈ ವಿಭಾಗದ ಅತ್ಯಂತ ಜನಪ್ರಿಯ ಕಾದಂಬರಿಗಳಲ್ಲಿ ಕೆಲವನ್ನು ಹೀಗೆ ಮತ್ತೆ ಓದಿ, ಒಂದೇ ಬಗೆಯ ವಸ್ತುವಿರುವ ಪುಸ್ತಕಗಳನ್ನು ಎದುರುಬದುರು ಇಟ್ಟು ನೋಡಿದಾಗ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯವೊಂದು ಮೂಡಿದೆ: ಕೇಡು ಹೊರಗಿನಿಂದ ಬಂದು ಎರಗುವ ಕಥೆಗಳ ಭಯ ಮೊದಲ ಓದಿಗೇ ಬಹುಪಾಲು ಕರಗಿಹೋಗುತ್ತದೆ, ಪಾತ್ರವೊಂದು ತನ್ನದೇ ಆಸೆಯಿಂದ, ತನ್ನದೇ ಕಾಲಿನ ಮೇಲೆ ಕೇಡಿನತ್ತ ನಡೆದುಹೋಗುವ ಕಥೆಗಳ ಭಯ ಮಾತ್ರ ಮರು ಓದಿನಲ್ಲಿ ಹೆಚ್ಚುತ್ತದೆ. ಹೋಲಿಕೆ ಅಂತ್ಯಗಳನ್ನು ಮುಟ್ಟದೆ ಸಾಧ್ಯವಿಲ್ಲವಾದ್ದರಿಂದ, ಈ ಕಾದಂಬರಿಗಳನ್ನು ಇನ್ನೂ ಓದದವರು ಮುಂದುವರಿಯುವ ಮೊದಲು ಅದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ರಕ್ತಪಿಪಾಸುಗಳ ಕಥೆಯಿಂದಲೇ ಆರಂಭಿಸುತ್ತೇನೆ. 1897ರಲ್ಲಿ ಪ್ರಕಟವಾದ ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ ದಿನಚರಿ, ಪತ್ರ, ತಂತಿ ಸಂದೇಶ ಮತ್ತು ಪತ್ರಿಕಾ ವರದಿಗಳನ್ನು ಪೋಣಿಸಿ ಕಟ್ಟಿದ ಕಾದಂಬರಿ. ಅದರ ಮೊದಲ ನಾಲ್ಕು ಅಧ್ಯಾಯಗಳು, ಅಂದರೆ ಟ್ರಾನ್ಸಿಲ್ವೇನಿಯಾದ ಕೋಟೆಯಲ್ಲಿ ಸಿಕ್ಕಿಬಿದ್ದ ತರುಣ ವಕೀಲ ಜೊನಾಥನ್ ಹಾರ್ಕರ್‌ನ ದಿನಚರಿ, ಎಷ್ಟು ಸಲ ಓದಿದರೂ ಮಾಸುವುದಿಲ್ಲ. ಬೆನ್ನ ಹಿಂದೆಯೇ ನಿಂತ, ಕೋಟೆಯ ಒಡೆಯ ಡ್ರಾಕುಲಾ ಎಂಬ ಕೌಂಟ್‌ನ ಬಿಂಬ ಕ್ಷೌರದ ಕನ್ನಡಿಯಲ್ಲಿ ಕಾಣದಿರುವುದು, ಅವನು ಕೋಟೆಯ ಗೋಡೆಯ ಮೇಲೆ ತಲೆ ಕೆಳಗಾಗಿ ಹಲ್ಲಿಯಂತೆ ತೆವಳಿ ಇಳಿಯುವುದು, ಇವುಗಳನ್ನು ಹಾರ್ಕರ್ ವಕೀಲನ ಶಿಸ್ತಿನಿಂದ ಬರೆದಿಡುವ ರೀತಿಯೇ ನಂಬಿಕೆ ಹುಟ್ಟಿಸುತ್ತದೆ. ಆದರೆ ಕಥೆ ಇಂಗ್ಲೆಂಡಿಗೆ ಬಂದ ಮೇಲೆ ಕೌಂಟ್ ಬಹುಮಟ್ಟಿಗೆ ತೆರೆಮರೆಗೆ ಸರಿಯುತ್ತಾನೆ, ಅವನನ್ನು ಬೇಟೆಯಾಡುವ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್‌ನ ಉದ್ದುದ್ದ ಮಾತುಗಳು ಮುಂದೆ ಬರುತ್ತವೆ. ಇಷ್ಟು ದೂರ ಬೆನ್ನಟ್ಟಿದ ವೈರಿ ಕೊನೆಯಲ್ಲಿ ಕೆಲವೇ ವಾಕ್ಯಗಳಲ್ಲಿ ಎರಡು ಚಾಕುಗಳಿಗೆ ಬಲಿಯಾಗಿ ಧೂಳಾಗುತ್ತಾನೆ. ನಡುವೆ ಬರುವ, ಕೌಂಟ್ ಇಂಗ್ಲೆಂಡಿಗೆ ಬರುವ ಡಿಮೀಟರ್ ಹಡಗಿನ ದಿನವಹಿ ಮಾತ್ರ ಅಪವಾದ: ನಾವಿಕರು ಒಬ್ಬೊಬ್ಬರಾಗಿ ಕಾಣೆಯಾಗುತ್ತಿರುವಾಗಲೂ ಕರ್ತವ್ಯವೆಂಬಂತೆ ಬರೆಯುತ್ತಲೇ ಹೋಗುವ ಆ ಕಪ್ತಾನನ ಕೆಲವು ಪುಟಗಳು ಇಡೀ ಉತ್ತರಾರ್ಧಕ್ಕಿಂತ ಹೆಚ್ಚು ಕಾಡುತ್ತವೆ.

ಇದರ ನೇರ ಋಣದಲ್ಲಿರುವ ಸ್ಟೀಫನ್ ಕಿಂಗ್ ಅವರ ‘ಸೇಲಮ್ಸ್ ಲಾಟ್’ (1975) ಅದೇ ವಸ್ತುವನ್ನು ಅಮೆರಿಕದ ಮೇನ್ ರಾಜ್ಯದ ಸಣ್ಣ ಪಟ್ಟಣವೊಂದಕ್ಕೆ ತರುತ್ತದೆ. ಇಲ್ಲಿನ ರಕ್ತಪಿಪಾಸು ಬಾರ್ಲೋ ಡ್ರಾಕುಲಾನ ಮಟ್ಟದ ಪಾತ್ರವಲ್ಲ. ಆದರೂ ಒಟ್ಟು ಕಾದಂಬರಿಯಾಗಿ ನಾನು ಇದನ್ನೇ ಮೇಲಿಡುತ್ತೇನೆ, ಏಕೆಂದರೆ ಪಟ್ಟಣವೇ ಇಲ್ಲಿನ ಮುಖ್ಯ ಪಾತ್ರ. ರಕ್ತಪಿಪಾಸು ಬರುವುದಕ್ಕೆ ಮುಂಚೆಯೇ ಮುಚ್ಚಿದ ಬಾಗಿಲುಗಳ ಹಿಂದೆ ನಡೆಯುತ್ತಿರುವ ಕ್ರೌರ್ಯವನ್ನು ಕಿಂಗ್ ತಾಳ್ಮೆಯಿಂದ ತೋರಿಸುತ್ತಾರೆ; ಕೇಡು ಬಂದಾಗ ಅದಕ್ಕೆ ಜಾಗ ಮೊದಲೇ ಸಿದ್ಧವಾಗಿರುತ್ತದೆ. ಮಹಡಿಯ ಕಿಟಕಿಯ ಹೊರಗೆ ತೇಲುತ್ತಾ ನಿಂತು ಒಳಗೆ ಕರೆದುಕೋ ಎಂದು ಕೇಳುವ ಸತ್ತ ಹುಡುಗನ ದೃಶ್ಯವೇ ಹೆಚ್ಚು ಪ್ರಸಿದ್ಧವಾದರೂ, ಮರು ಓದಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಪಾದ್ರಿ ಕ್ಯಾಲಹನ್‌ನ ಸೋಲು. ಶಿಲುಬೆಯನ್ನು ಬದಿಗೆಸೆದು ಬರಿಯ ನಂಬಿಕೆಯಿಂದ ಎದುರಿಸು ಎಂಬ ಸವಾಲು ಬಂದಾಗ ಅವನಿಂದ ಆ ಶಿಲುಬೆಯನ್ನು ಕೈಬಿಡಲಾಗುವುದಿಲ್ಲ. ಅವನನ್ನು ಸೋಲಿಸಿದ್ದು ಹೊರಗಿನ ಶಕ್ತಿಯಲ್ಲ, ಅವನದೇ ಹಿಂಜರಿಕೆ.

ಭೂತಬಂಗಲೆಗಳ ಹೋಲಿಕೆ ಇನ್ನೂ ಕಠಿಣವಾದದ್ದು, ಏಕೆಂದರೆ ಎರಡೂ ಪುಸ್ತಕಗಳು ನಿಜಕ್ಕೂ ದೊಡ್ಡವು. ಶರ್ಲಿ ಜಾಕ್ಸನ್ ಅವರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ 1959ರದು, ಕಿಂಗ್ ಅವರ ‘ದಿ ಶೈನಿಂಗ್’ 1977ರದು. ಜಾಕ್ಸನ್ ಅವರ ಕಥೆಯಲ್ಲಿ ಡಾಕ್ಟರ್ ಮಾಂಟೆಗ್ಯೂ ಎಂಬ ಸಂಶೋಧಕ, ದೆವ್ವವಿದೆಯೆಂದು ಹೆಸರಾದ ಮನೆಯೊಂದರ ಅಧ್ಯಯನಕ್ಕೆ ಮೂವರನ್ನು ಸೇರಿಸಿಕೊಳ್ಳುತ್ತಾನೆ. ಅವರಲ್ಲಿ ಎಲಿನರ್ ವಾನ್ಸ್, ಮೂವತ್ತೆರಡರ ಹೆಣ್ಣು. ಹನ್ನೊಂದು ವರ್ಷ ಕಾಯಿಲೆಯ ತಾಯಿಯ ಆರೈಕೆಯಲ್ಲೇ ಕಳೆದು, ತಾಯಿ ತೀರಿಕೊಂಡ ಮೇಲೆ ತನ್ನದೆನ್ನುವ ನೆಲೆಯೇ ಇಲ್ಲದೆ ಉಳಿದವಳು. ಮೊದಲ ಓದಿನಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ರಾತ್ರಿಯ ಸದ್ದುಗಳು, ಬಾಗಿಲುಗಳ ಮೇಲಿನ ಬಡಿತ, ಗೋಡೆಯ ಮೇಲೆ ಅವಳದೇ ಹೆಸರಿನೊಂದಿಗೆ ಮೂಡಿದ ಬರಹ, ಮತ್ತು ಕತ್ತಲಲ್ಲಿ ತಾನು ಹಿಡಿದಿದ್ದ ಕೈ ಪಕ್ಕದ ಗೆಳತಿಯದಲ್ಲವೆಂದು ಅವಳಿಗೆ ತಿಳಿಯುವ ಆ ಒಂದು ಸಾಲು. ಎರಡನೆಯ ಓದಿನಲ್ಲಿ ಇವೆಲ್ಲ ಸ್ವಲ್ಪ ಸ್ವಲ್ಪವೇ ಹಿಂದೆ ಸರಿದು, ಮೊದಲು ಬರಿಯ ಪೀಠಿಕೆಯೆಂದು ದಾಟಿಹೋಗಿದ್ದ ಅಧ್ಯಾಯ ಭಯಾನಕವಾಯಿತು: ಅಕ್ಕನಿಗೆ ಹೇಳದೆ ಕಾರು ತೆಗೆದುಕೊಂಡು ಎಲಿನರ್ ಹಿಲ್ ಹೌಸಿಗೆ ಹೊರಟ ಹಗಲಿನ ಪ್ರಯಾಣ. ದಾರಿಯಲ್ಲಿ ಕಂಡ ಪ್ರತಿಯೊಂದು ಮನೆಯಲ್ಲೂ ಅವಳು ತನಗೊಂದು ಬಾಳನ್ನು ಕಲ್ಪಿಸಿಕೊಳ್ಳುತ್ತಾಳೆ. ಹೋಟೆಲೊಂದರಲ್ಲಿ, ನಕ್ಷತ್ರಗಳ ಚಿತ್ರವಿರುವ ತನ್ನ ಬಟ್ಟಲಿಲ್ಲದೆ ಹಾಲು ಕುಡಿಯುವುದಿಲ್ಲವೆಂದು ಹಟ ಹಿಡಿದ ಪುಟ್ಟ ಹುಡುಗಿಯನ್ನು ನೋಡಿ, ಆ ಹಟವನ್ನು ಬಿಡಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾಳೆ. ಮನೆಯೆಂದರೆ ಇಷ್ಟು ಹಸಿದಿರುವ ಈ ಜೀವಕ್ಕೆ ಕೊನೆಗೆ ಸಿಗುವ ಮನೆ ಯಾವುದೆಂದು ಓದುಗನಿಗೆ ಈಗ ಗೊತ್ತಿದೆ. ಹಿಲ್ ಹೌಸ್ ಅವಳನ್ನು ಬಲವಂತದಿಂದ ಸೆಳೆಯುವುದಿಲ್ಲ. ಬಾ ಎನ್ನುತ್ತದೆ, ಅಷ್ಟೆ. ಯಾರೂ ಬಾ ಎನ್ನದ ಬದುಕಿನಲ್ಲಿ ಅದೊಂದೇ ಸಾಕು. ಕಾರನ್ನು ಮರದತ್ತ ತಿರುಗಿಸಿದ ಕೊನೆಯ ಗಳಿಗೆಯಲ್ಲಿ, ತಾನು ಇದನ್ನೇಕೆ ಮಾಡುತ್ತಿದ್ದೇನೆ, ಇವರು ತನ್ನನ್ನೇಕೆ ತಡೆಯುತ್ತಿಲ್ಲ ಎಂದು ಅವಳಿಗೆ ಅನ್ನಿಸುವ ಕಡೆ ನಾನು ಪ್ರತಿ ಸಲವೂ ಪುಸ್ತಕವನ್ನು ಕೆಳಗಿಡಬೇಕಾಗುತ್ತದೆ.

‘ದಿ ಶೈನಿಂಗ್’ ಇದಕ್ಕಿಂತ ವಿಸ್ತಾರವಾದ, ಹೆಚ್ಚು ಬಿಸಿಯಾದ ಪುಸ್ತಕ. ಚಳಿಗಾಲದಲ್ಲಿ ಹಿಮದಿಂದ ಹೊರಜಗತ್ತಿನ ಸಂಪರ್ಕ ಕಡಿದುಹೋಗುವ ಕೊಲರಾಡೊದ ಓವರ್‌ಲುಕ್ ಹೋಟೆಲಿನ ಕಾವಲಿಗೆ ಜ್ಯಾಕ್ ಟೊರೆನ್ಸ್ ಹೆಂಡತಿ ಮತ್ತು ಐದು ವರ್ಷದ ಮಗನೊಂದಿಗೆ ಬರುತ್ತಾನೆ. ಕುಡಿತದ ಅಮಲಿನಲ್ಲಿ ಹಿಂದೊಮ್ಮೆ ಮಗನ ತೋಳು ಮುರಿದವನು, ಕೋಪದಲ್ಲಿ ವಿದ್ಯಾರ್ಥಿಯನ್ನು ಹೊಡೆದು ಕೆಲಸ ಕಳೆದುಕೊಂಡವನು, ಈಗ ನಿಜವಾಗಿಯೂ ಒಳ್ಳೆಯವನಾಗಬೇಕೆಂದು ಬಯಸುವವನು. 217ನೆಯ ಕೋಣೆಯ ಸ್ನಾನದ ತೊಟ್ಟಿಯ ದೃಶ್ಯ ಮರು ಓದಿನಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಪೊದೆಗಳು ಚಲಿಸುವ ಪ್ರಸಂಗ ಮಾತ್ರ ಎರಡನೆಯ ಸಲ ಬಲ ಕಳೆದುಕೊಳ್ಳುತ್ತದೆ. 1980ರ ಚಲನಚಿತ್ರವನ್ನಷ್ಟೇ ನೋಡಿದವರಿಗೆ ಜ್ಯಾಕ್ ಆರಂಭದಿಂದಲೇ ಅಪಾಯಕಾರಿಯಾಗಿ ಕಾಣುತ್ತಾನೆ. ಕಾದಂಬರಿಯ ಜ್ಯಾಕ್ ಹಾಗಲ್ಲ, ಅವನನ್ನು ನಾವು ಪ್ರೀತಿಸತೊಡಗುತ್ತೇವೆ, ನೋವಿರುವುದು ಅಲ್ಲಿಯೇ. ಹೊರಗೆ ಹೋಗಲು ಉಳಿದಿರುವ ಒಂದೇ ದಾರಿಯಾದ ಹಿಮವಾಹನದ ಅಗತ್ಯ ಭಾಗವೊಂದನ್ನು ಕಿತ್ತು ಅವನು ತಾನೇ ಹಿಮದೊಳಗೆ ಎಸೆಯುವ ಅಧ್ಯಾಯ ನನ್ನ ದೃಷ್ಟಿಯಲ್ಲಿ ಈ ಪುಸ್ತಕದ ನಿಜವಾದ ಶಿಖರ. ಅಲ್ಲಿ ಯಾವ ದೆವ್ವವೂ ಅವನ ಕೈ ಹಿಡಿದಿರುವುದಿಲ್ಲ. ಆದರೆ ಕಿಂಗ್ ಕೊನೆಯ ಭಾಗದಲ್ಲಿ ಹೋಟೆಲಿಗೆ ಪೂರ್ತಿ ಅಧಿಕಾರ ಕೊಟ್ಟು, ಬಾಯ್ಲರಿನ ಸ್ಫೋಟದೊಂದಿಗೆ ಕಥೆಯನ್ನು ಬಗೆಹರಿಸುತ್ತಾರೆ. ಮನೆಯನ್ನು ಸುಟ್ಟುಬಿಟ್ಟರೆ ಓದುಗನಿಗೆ ಸಮಾಧಾನ ಸಿಗುತ್ತದೆ. ಜಾಕ್ಸನ್ ಆ ಸಮಾಧಾನವನ್ನು ಕೊಡುವುದಿಲ್ಲ. ಅವರ ಮನೆ ಮೊದಲ ಪುಟದಲ್ಲಿ ನಿಂತ ಹಾಗೆಯೇ, ಬಹುಮಟ್ಟಿಗೆ ಅವೇ ಮಾತುಗಳಲ್ಲಿ, ಕೊನೆಯ ಪುಟದಲ್ಲೂ ನಿಂತಿರುತ್ತದೆ. ಆದ್ದರಿಂದ ಈ ಜೋಡಿಯಲ್ಲಿ ನನ್ನ ಆಯ್ಕೆ ‘ಹಿಲ್ ಹೌಸ್’. ಪಾತ್ರಗಳೊಂದಿಗೆ ದೀರ್ಘಕಾಲ ಬದುಕಬೇಕೆನ್ನುವ ಓದುಗರಿಗೆ ‘ಶೈನಿಂಗ್’ ಹೆಚ್ಚು ಹಿಡಿಸಬಹುದೆಂಬುದನ್ನೂ ಒಪ್ಪುತ್ತೇನೆ.

ಸೈತಾನನ ಕಥೆಗಳಲ್ಲಿ ವಿಲಿಯಂ ಪೀಟರ್ ಬ್ಲ್ಯಾಟಿ ಅವರ ‘ದಿ ಎಕ್ಸಾರ್ಸಿಸ್ಟ್’ (1971) ಮತ್ತು ಐರಾ ಲೆವಿನ್ ಅವರ ‘ರೋಸ್‌ಮರೀಸ್ ಬೇಬಿ’ (1967) ಸಹಜವಾದ ಜೋಡಿ. ಇಲ್ಲಿ ನನಗೆ ಸಂದೇಹವೇ ಇಲ್ಲ. ನಮ್ಮ ರಸವಿಚಾರದಲ್ಲಿ ಭಯಾನಕವೂ ಬೀಭತ್ಸವೂ ಬೇರೆ ಬೇರೆ ರಸಗಳು. ಬ್ಲ್ಯಾಟಿ ಅವರ ಪ್ರಸಿದ್ಧ ದೃಶ್ಯಗಳು ಹೆಚ್ಚಾಗಿ ಎರಡನೆಯದಕ್ಕೆ ಸೇರುತ್ತವೆ, ಜುಗುಪ್ಸೆ ಹುಟ್ಟಿಸುವ ವಿವರಕ್ಕೆ ಮರು ಓದಿನಲ್ಲಿ ಮನಸ್ಸು ಬೇಗ ಒಗ್ಗಿಕೊಳ್ಳುತ್ತದೆ. ಪುಸ್ತಕವನ್ನು ಉಳಿಸುವುದು ಪಾದ್ರಿಯೂ ಮನೋವೈದ್ಯನೂ ಆದ ಕ್ಯಾರಸ್. ತಾಯಿಯನ್ನು ಒಂಟಿಯಾಗಿ ಸಾಯಲು ಬಿಟ್ಟೆನೆಂಬ ಅವನ ಕೊರಗು ದೆವ್ವ ಹಿಡಿದ ಹುಡುಗಿಯ ಮಂಚದ ಮೇಲಿನ ಎಲ್ಲ ಅವಾಂತರಗಳಿಗಿಂತ ಆಳವಾದುದು. ಲೆವಿನ್ ಅವರ ಪುಸ್ತಕದಲ್ಲಿ ಬೆಚ್ಚಿಬೀಳಿಸುವ ವಿವರ ಕಡಿಮೆ: ಗರ್ಭಿಣಿ ಹೆಂಡತಿ ರೋಸ್‌ಮರಿ, ನಟನಾಗಿ ಮೇಲೆ ಬರಲು ತವಕಿಸುವ ಗಂಡ, ವಿಪರೀತ ಉಪಚಾರ ಮಾಡುವ ನೆರೆಮನೆಯ ಮುದುಕ ಮುದುಕಿ. ಅಂತ್ಯ ಗೊತ್ತಿದ್ದು ಓದಿದಾಗ ಆ ಮುದುಕಿ ಮಿನ್ನಿ ಕ್ಯಾಸ್ಟವೆಟ್ ತಂದುಕೊಡುವ ಪ್ರತಿಯೊಂದು ಪಾನೀಯಕ್ಕೂ, ಗಂಡ ಹೇಳುವ ಪ್ರತಿಯೊಂದು ಅಕ್ಕರೆಯ ಮಾತಿಗೂ ಇನ್ನೊಂದು ಅರ್ಥ ಬರುತ್ತದೆ. ಊಟದ ನಂತರ ಹೆಂಗಸರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರುವಾಗ ಗಂಡನೂ ನೆರೆಮನೆಯ ಮುದುಕನೂ ಕುಳಿತು ಮಾತನಾಡುತ್ತಾರೆ. ಆ ಮಾತು ನಮ್ಮ ಕಿವಿಗೆ ಬೀಳುವುದೇ ಇಲ್ಲ, ಕಥೆಯ ಅತಿ ದೊಡ್ಡ ದ್ರೋಹ ಶುರುವಾಗುವುದು ಅಲ್ಲೆಂದು ಎರಡನೆಯ ಓದಿಗಷ್ಟೇ ಹೊಳೆಯುತ್ತದೆ. ಕಡೆಗೆ ರೋಸ್‌ಮರಿ ಓಡಿಹೋಗಿ ನಂಬಿದ ವೈದ್ಯ, ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡು, ಅವಳನ್ನು ಗಂಡನ ಮತ್ತು ಅವನ ಕಡೆಯವರ ಕೈಗೇ ಒಪ್ಪಿಸುತ್ತಾನೆ.

ಕಿಂಗ್ ಅವರ ‘ಇಟ್’ (1986) ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಳೆನೀರಿನಲ್ಲಿ ಕಾಗದದ ದೋಣಿಯ ಹಿಂದೆ ಓಡುವ ಜಾರ್ಜಿ ಎಂಬ ಪುಟ್ಟ ಹುಡುಗನ ಮೊದಲ ಅಧ್ಯಾಯ ಅದ್ಭುತ, ಬಾಲ್ಯದ ಗೆಳೆತನದ ಚಿತ್ರಣವೂ ಹಾಗೆಯೇ. ಆದರೆ ರೂಪ ಬದಲಿಸುತ್ತಾ ಬರುವ ಆ ಕೇಡು ಎಷ್ಟು ಹೆಚ್ಚು ಕಾಣಿಸಿಕೊಳ್ಳುತ್ತದೋ ಅಷ್ಟು ಕಡಿಮೆ ಹೆದರಿಸುತ್ತದೆ, ಕೊನೆಯ ನೂರಾರು ಪುಟಗಳು ನನಗೆ ಭಾರವಾದವು.

ಕೊನೆಯ ಜೋಡಿ ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು: ಕಿಂಗ್ ಅವರ ‘ಪೆಟ್ ಸೆಮೆಟರಿ’ (1983) ಮತ್ತು ಜಪಾನಿನ ಕೋಜಿ ಸುಝುಕಿ ಅವರ ‘ರಿಂಗ್’ (1991). ಒಂದರಲ್ಲಿ ಸತ್ತವರನ್ನು ಹಿಂದಿರುಗಿಸುವ ಮಣ್ಣು, ಇನ್ನೊಂದರಲ್ಲಿ ನೋಡಿದವರನ್ನು ಏಳು ದಿನಗಳಲ್ಲಿ ಕೊಲ್ಲುವ ವಿಡಿಯೋ ಟೇಪು. ಆದರೆ ಎರಡೂ ಒಬ್ಬ ತಂದೆಯ ತೀರ್ಮಾನದ ಕಥೆಗಳು. ‘ರಿಂಗ್’ ಕಾದಂಬರಿಯಲ್ಲಿ, ಚಲನಚಿತ್ರದಲ್ಲಿ ಆಗುವಂತೆ, ಟೇಪಿನ ಶಾಪದ ಹಿಂದಿರುವ ಹೆಣ್ಣು ಸಡಾಕೊ ಟಿವಿಯಿಂದ ಹೊರಗೆ ಬರುವುದಿಲ್ಲ. ಪತ್ರಕರ್ತ ಅಸಾಕಾವಾನ ಶೋಧನೆಯಾಗಿ, ತಣ್ಣನೆಯ ವರದಿಯ ಧಾಟಿಯಲ್ಲಿ ಕಥೆ ಸಾಗುತ್ತದೆ. ನಡುವಿನ ಭಾಗ ಮರು ಓದಿನಲ್ಲಿ ಒಣಗುತ್ತದೆ, ಅವನ ಗೆಳೆಯ ರ್‍ಯೂಜಿಯ ಚಿತ್ರಣವೂ ಹೆಣ್ಣುಗಳನ್ನು ಕುರಿತ ಮಾತುಗಳೂ ನನಗೆ ಕಸಿವಿಸಿ ಉಂಟುಮಾಡುತ್ತವೆ. ಆದರೆ ಕೊನೆಯ ಕೆಲವು ಪುಟಗಳಲ್ಲಿ, ಹೆಂಡತಿ ಮತ್ತು ಮಗಳನ್ನು ಉಳಿಸಬೇಕಾದರೆ ಟೇಪನ್ನು ನಕಲು ಮಾಡಿ ಇನ್ನೊಬ್ಬರಿಗೆ ತೋರಿಸಲೇಬೇಕೆಂದು ತಿಳಿದು, ಅವನು ಹೆಂಡತಿಯ ತವರಿನತ್ತ ಕಾರು ಓಡಿಸುವಾಗ, ಜಗತ್ತಿನ ಪಾಲಿಗೆ ಬರಲಿರುವ ಅನಾಹುತವನ್ನು ಒಬ್ಬ ಒಳ್ಳೆಯ ತಂದೆಯೇ ತನ್ನ ಕೈಯಾರೆ ಬಿಡುಗಡೆ ಮಾಡುತ್ತಿದ್ದಾನೆಂಬುದು ಅರಿವಾಗುತ್ತದೆ.

‘ಪೆಟ್ ಸೆಮೆಟರಿ’ಯಲ್ಲಿ ಈ ಭಾವ ಕೊನೆಗಷ್ಟೇ ಬರದೆ ಆರಂಭದಿಂದಲೇ ಮೈತುಂಬಿಕೊಂಡಿದೆ. ಕಿಂಗ್ ಬರೆದು ಮುಗಿಸಿದ ಮೇಲೂ ಪ್ರಕಟಿಸಲು ಮನಸ್ಸಿಲ್ಲದೆ ಎತ್ತಿಟ್ಟಿದ್ದ ಕಾದಂಬರಿ ಇದು; ಪ್ರಕಾಶಕರೊಂದಿಗಿನ ಕರಾರಿಗಾಗಿ ಹೊರಬಂತು. ವೈದ್ಯ ಲೂಯಿಸ್ ಕ್ರೀಡ್ ಮಗಳ ಸತ್ತ ಬೆಕ್ಕನ್ನು ಕಾಡಿನಾಚೆಯ ಹಳೆಯ ಸಮಾಧಿ ನೆಲದಲ್ಲಿ ಹೂಳುತ್ತಾನೆ, ಬೆಕ್ಕು ಹಿಂದಿರುಗುತ್ತದೆ, ಆದರೆ ಅದು ಅದೇ ಬೆಕ್ಕಲ್ಲವೆಂಬುದನ್ನು ಅವನು ಕಣ್ಣಾರೆ ಕಾಣುತ್ತಾನೆ. ಇಷ್ಟೆಲ್ಲ ಗೊತ್ತಿದ್ದೂ, ಮನೆಯ ಮುಂದಿನ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಎಳೆಯ ಮಗ ಸತ್ತಾಗ ಅವನು ಏನು ಮಾಡುತ್ತಾನೆಂಬುದು ಮೊದಲ ಓದುಗನಿಗೂ ಊಹೆಗೆ ನಿಲುಕುವ ಸಂಗತಿ. ಕಥೆಯಲ್ಲಿ ಮುಚ್ಚಿಟ್ಟ ಗುಟ್ಟೇ ಇಲ್ಲವಾದ್ದರಿಂದ ಮರು ಓದಿನಲ್ಲಿ ಕಳೆದುಕೊಳ್ಳುವುದೂ ಏನಿಲ್ಲ. ಸ್ಮಶಾನದ ಬೇಲಿ ಹತ್ತುವುದು, ಸಮಾಧಿ ಅಗೆಯುವುದು, ಹೊತ್ತುಕೊಂಡು ಕಾಡಿನಲ್ಲಿ ನಡೆಯುವುದು ಎಂದು ಕಿಂಗ್ ಈ ಭಾಗವನ್ನು ಬೇಕೆಂದೇ ನಿಧಾನಿಸುತ್ತಾರೆ. ಮಧ್ಯದಲ್ಲಿ ಹಿಂದಿರುಗಲು ಅವನಿಗೆ ಸಿಗುವ ಒಂದೊಂದು ಅವಕಾಶವನ್ನೂ ನಾವು ನೋಡುತ್ತೇವೆ, ಅವನು ತನಗೆ ತಾನೇ ಕೊಟ್ಟುಕೊಳ್ಳುವ ಒಂದೊಂದು ಸಮರ್ಥನೆಯೂ ವೈದ್ಯನೊಬ್ಬನ ತರ್ಕದಷ್ಟೇ ಅಚ್ಚುಕಟ್ಟಾಗಿರುತ್ತದೆ. ಕರುಣೆಯೂ ಭಯವೂ ಇಷ್ಟು ಬಿಡಿಸಲಾರದಂತೆ ಬೆರೆತ ಇನ್ನೊಂದು ಪುಸ್ತಕವನ್ನು ಈ ವಿಭಾಗದಲ್ಲಿ ನಾನು ಓದಿಲ್ಲ.

‘ಹಿಲ್ ಹೌಸ್’ ಮತ್ತು ‘ಪೆಟ್ ಸೆಮೆಟರಿ’ಗಳಲ್ಲಿ ಒಂದನ್ನೇ ಆರಿಸಬೇಕೆಂದರೆ, ಬರವಣಿಗೆಗಾಗಿ ಜಾಕ್ಸನ್ ಅವರನ್ನು ಮೇಲಿಡುತ್ತೇನೆ, ಅವರ ಒಂದು ವಾಕ್ಯ ಮಾಡುವ ಕೆಲಸಕ್ಕೆ ಕಿಂಗ್ ಅವರಿಗೆ ಒಂದು ಪುಟ ಬೇಕಾಗುತ್ತದೆ. ಆದರೆ ಭಯದ ಮಾತಿಗೆ ಬಂದರೆ ಮೊದಲ ಸ್ಥಾನ ‘ಪೆಟ್ ಸೆಮೆಟರಿ’ಯದು. ಎಲಿನರ್‌ಳನ್ನು ಯಾರಾದರೂ ತಡೆಯಲಿ ಎಂದು ಓದುವಷ್ಟು ಹೊತ್ತೂ ಹಂಬಲಿಸುತ್ತೇನೆ. ಲೂಯಿಸ್ ಮಗನನ್ನು ಎತ್ತಿಕೊಂಡು ಕಾಡಿನೊಳಗೆ ನಡೆಯುವಾಗ, ಫಲಿತಾಂಶ ಚೆನ್ನಾಗಿ ಗೊತ್ತಿದ್ದೂ, ಈ ಸಲ ಮಾತ್ರ ಎಲ್ಲವೂ ಸರಿಹೋಗಲಿ ಎಂದು ಅವನ ಜೊತೆ ನಾನೂ ಬಯಸುತ್ತಿರುತ್ತೇನೆ.