ಡಿಜಿಟಲ್ ಬೆನಿನ್ ಜಾಲತಾಣ: ನೈಜೀರಿಯಾ–ಜರ್ಮನಿ ಒಪ್ಪಂದದ ಜೊತೆಗೆ ಓದಬೇಕಾದ ದಾಖಲೆ

ಬೆನಿನ್ ಅರಮನೆಯಿಂದ ಲೂಟಿಯಾಗಿದ್ದ ಕಂಚಿನ ಕಲಾಕೃತಿಗಳನ್ನು ಮರಳಿಸುವ ಕುರಿತು ನೈಜೀರಿಯಾ ಮತ್ತು ಜರ್ಮನಿ 2022ರ ಜುಲೈ 1ರಂದು ಬರ್ಲಿನ್‌ನಲ್ಲಿ ಸಹಿ ಮಾಡಿದ ಜಂಟಿ ಘೋಷಣೆಯ ಸುದ್ದಿಯನ್ನು ಓದಿದವರಿಗೆ, ಮರಳಬೇಕಾದ ವಸ್ತುಗಳು ಯಾವುವು, ಅವು ಜರ್ಮನಿಯನ್ನು ಸೇರಿದ್ದು ಹೇಗೆ ಎಂಬ ಪ್ರಶ್ನೆಗಳು ಏಳುವುದು ಸಹಜ. ಇವಕ್ಕೆ ಉತ್ತರ ಹುಡುಕುವವರು ಮೊದಲು ತೆರೆಯಬೇಕಾದದ್ದು ಅದೇ ವರ್ಷದ ನವೆಂಬರಿನಲ್ಲಿ ಆರಂಭವಾದ, ಸಂಪೂರ್ಣ ಉಚಿತವಾದ ಡಿಜಿಟಲ್ ಬೆನಿನ್ ಜಾಲತಾಣವನ್ನು. ಆರಂಭದ ಹೊತ್ತಿಗೇ 20 ದೇಶಗಳ 131 ಸಂಸ್ಥೆಗಳಲ್ಲಿ ಚದುರಿಹೋಗಿದ್ದ ಐದು ಸಾವಿರಕ್ಕೂ ಹೆಚ್ಚು ವಸ್ತುಗಳ ವಿವರವನ್ನು ಒಂದೇ ಕಡೆ ತಂದಿರುವ ಈ ಕೆಲಸ ಹ್ಯಾಂಬರ್ಗ್‌ನ ವಸ್ತುಸಂಗ್ರಹಾಲಯವೊಂದನ್ನು ಕೇಂದ್ರವಾಗಿಟ್ಟುಕೊಂಡು, ಜರ್ಮನಿಯ ಪ್ರತಿಷ್ಠಾನವೊಂದರ ಹಣದಿಂದ, ನೈಜೀರಿಯಾದ ವಿದ್ವಾಂಸರನ್ನೂ ಒಳಗೊಂಡು ನಡೆದಿದೆ. (ಇಲ್ಲಿ ಬೆನಿನ್ ಎಂದರೆ ನೈಜೀರಿಯಾದ ಈದೋ ರಾಜ್ಯದಲ್ಲಿರುವ ಹಳೆಯ ಅರಸೊತ್ತಿಗೆ, ಅದೇ ಹೆಸರಿನ ನೆರೆಯ ಗಣರಾಜ್ಯವಲ್ಲ.)

ಜಾಲತಾಣದ ನಿಜವಾದ ಬೆಲೆ ಇರುವುದು ವಸ್ತುಗಳು ಕೈಯಿಂದ ಕೈಗೆ ಸಾಗಿದ ಇತಿಹಾಸವನ್ನು ತೋರಿಸುವ ವಿಭಾಗದಲ್ಲಿ. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಪಡೆ ಬೆನಿನ್ ನಗರವನ್ನು ವಶಪಡಿಸಿಕೊಂಡು ಅರಮನೆಯನ್ನು ಲೂಟಿ ಮಾಡಿತು. ಆಗಿನ ಓಬಾ (ಬೆನಿನ್ ಅರಸನ ಬಿರುದು) ಒವೊನ್‌ರಾಮ್ವೆನ್‌ನನ್ನು ಕಲಾಬಾರಿಗೆ ಗಡೀಪಾರು ಮಾಡಲಾಯಿತು. ಜರ್ಮನಿ ಲೂಟಿಯಲ್ಲಿ ಭಾಗಿಯಾಗಿರಲಿಲ್ಲ, ಆದರೆ ಲೂಟಿಯ ಮಾಲಿಗೆ ದೊಡ್ಡ ಗಿರಾಕಿಯಾಯಿತು. ಬರ್ಲಿನ್ ವಸ್ತುಸಂಗ್ರಹಾಲಯದ ಫೆಲಿಕ್ಸ್ ಫಾನ್ ಲುಶಾನ್, ಇಂಗ್ಲೆಂಡಿನ ವ್ಯಾಪಾರಿ ಡಬ್ಲ್ಯೂ. ಡಿ. ವೆಬ್‌ಸ್ಟರ್ ಮೊದಲಾದವರ ಹೆಸರನ್ನು ಹಿಡಿದು ಹುಡುಕುತ್ತ ಹೋದರೆ, ದೇಶಗಳ ನಡುವಿನ ಮಾತುಕತೆಯಲ್ಲಿ ‘ವಸಾಹತುಶಾಹಿ ಹಿನ್ನೆಲೆ’ ಎಂದು ಮೆತ್ತಗೆ ಹೇಳಿ ಮುಗಿಸುವ ಸಂಗತಿ ಕೊಂಡವರ ಮತ್ತು ಮಾರಿದವರ ಹೆಸರುಗಳಾಗಿ ಎದುರು ನಿಲ್ಲುತ್ತದೆ. ಬರ್ಲಿನ್‌ನ ದಾಖಲಾತಿ ಸಂಖ್ಯೆಗಳು ‘III ಸಿ’ ಎಂದು ಆರಂಭವಾಗುತ್ತವೆ. ರಾಜಮಾತೆಯ ಕಂಚಿನ ತಲೆಯ ಪಕ್ಕದಲ್ಲಿ ಆ ಒಣ ಗುರುತನ್ನು ಕಂಡಾಗ, ಪೂಜೆಯ ಪೀಠದಿಂದ ಕಪಾಟಿಗೆ ಬಂದ ದಾರಿ ಯಾರೂ ವಿವರಿಸದೆಯೇ ತಿಳಿಯುತ್ತದೆ.

ವಸ್ತುಗಳನ್ನು ಬೆನಿನ್ ಜನರ ಈದೋ ಭಾಷೆಯ ಹೆಸರುಗಳ ಪ್ರಕಾರವೂ ಜೋಡಿಸಿರುವುದು ಮತ್ತು ಮೌಖಿಕ ಇತಿಹಾಸಕ್ಕೆ ಪ್ರತ್ಯೇಕ ಜಾಗ ಕೊಟ್ಟಿರುವುದು ಮೆಚ್ಚತಕ್ಕ ಅಂಶಗಳು. ನಕಾಶೆಯ ವಿಭಾಗ ನೋಡಲು ಚೆಂದ, ಅಷ್ಟೆ.

ಆದರೂ ಜಾಲತಾಣವೊಂದನ್ನೇ ನಂಬಿ ಒಪ್ಪಂದವನ್ನು ಅರ್ಥ ಮಾಡಿಕೊಳ್ಳಲಾಗದು. ಒಂದು ವಸ್ತು ಯಾವ ಸಂಸ್ಥೆಯಲ್ಲಿದೆ ಎಂಬುದು ಬೇರೆ, ಅದರ ಒಡೆತನ ಯಾರದು ಎಂಬುದು ಬೇರೆ. 2022ರ ಆಗಸ್ಟಿನಲ್ಲಿ ಬರ್ಲಿನ್ ಸಂಗ್ರಹದ 512 ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ವರ್ಗಾಯಿಸಲಾಯಿತಾದರೂ, ಅವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಎರವಲಿನ ಮೇಲೆ ಹತ್ತು ವರ್ಷ ಬರ್ಲಿನ್‌ನಲ್ಲೇ ಉಳಿಯಬೇಕೆಂಬ ಏರ್ಪಾಡಾಯಿತು. ಆಗಿನ ಜರ್ಮನ್ ವಿದೇಶಾಂಗ ಸಚಿವೆ ಅನ್ನಲೇನಾ ಬೇರ್‌ಬಾಕ್ ಅದೇ ಡಿಸೆಂಬರಿನಲ್ಲಿ ನೈಜೀರಿಯಾದ ರಾಜಧಾನಿ ಅಬುಜಾಗೆ ಸ್ವತಃ ಹೋಗಿ ಒಪ್ಪಿಸಿದ್ದು 20 ವಸ್ತುಗಳನ್ನು. ಮರುವರ್ಷ ಮಾರ್ಚಿನಲ್ಲಿ ನೈಜೀರಿಯಾದ ಆಗಿನ ಅಧ್ಯಕ್ಷ ಬುಹಾರಿ ಅವರ ಆದೇಶ ಇಂಥ ವಸ್ತುಗಳ ಒಡೆಯನೆಂದು ಈಗಿನ ಓಬಾನನ್ನು ಗುರುತಿಸಿದಾಗ, ಸಾರ್ವಜನಿಕ ಸಂಗ್ರಹಕ್ಕೆಂದು ಕೊಟ್ಟದ್ದು ಅರಮನೆಯ ಪಾಲಾಯಿತೆಂದು ಜರ್ಮನಿಯಲ್ಲಿ ಕೆಲವರು ಆಕ್ಷೇಪಿಸಿದರು. ಕಿತ್ತುಕೊಂಡದ್ದು ಅರಮನೆಯಿಂದಲೇ ಆಗಿದ್ದ ಮೇಲೆ, ಮರಳಿಸಿದ ನಂತರವೂ ಷರತ್ತು ಹಾಕುವ ಈ ಧೋರಣೆ ನನಗೆ ಸರಿಯೆನಿಸುವುದಿಲ್ಲ.

ಇನ್ನೆರಡು ಮಿತಿಗಳಿವೆ. ಇಲ್ಲಿರುವುದು ಸಾರ್ವಜನಿಕ ಸಂಸ್ಥೆಗಳ ಸಂಗ್ರಹ ಮಾತ್ರ. ಖಾಸಗಿಯವರ ಕೈಯಲ್ಲಿರುವ ವಸ್ತುಗಳು ಲೆಕ್ಕಕ್ಕೆ ಬಂದಿಲ್ಲ. ಸಂಸ್ಥೆಗಳು ಒದಗಿಸಿದ ಮಾಹಿತಿಯನ್ನೇ ಆಧರಿಸಿರುವುದರಿಂದ ವಿವರಗಳೂ ಎಲ್ಲ ವಸ್ತುಗಳಿಗೆ ಒಂದೇ ಮಟ್ಟದಲ್ಲಿಲ್ಲ. ಇಂಗ್ಲಿಷ್ ಓದಬಲ್ಲ ಇತಿಹಾಸದ ವಿದ್ಯಾರ್ಥಿಗಳಿಗೂ ಪತ್ರಕರ್ತರಿಗೂ ಇದನ್ನು ಧಾರಾಳವಾಗಿ ಸೂಚಿಸಬಹುದು. ಸಾವಿರಾರು ಚಿತ್ರಗಳ ಪಟ್ಟಿಯಿಂದ ಆರಂಭಿಸದೆ, ಮಾರಿದವರ ಮತ್ತು ಕೊಂಡವರ ಹೆಸರುಗಳಿಂದ ಆರಂಭಿಸುವುದು ಒಳ್ಳೆಯದು.